ಕಲ್ಲಿನ ನಾರು: ಮನಾಮಾದ ಹಳೆಯ ಕಟ್ಟಡಗಳು, ಊರಿನ ಮಾಡು, ಮತ್ತು ನಡುವೆ ಕೆಲಸ ಮಾಡಿದವರು

ಮೊದಲು ಒಂದು ಪದ ಕಲಿಯೋಣ: ಕಲ್ನಾರು. ಕಲ್ಲು, ನಾರು ಎರಡೂ ಸೇರಿ ಆದದ್ದು. ನಾರು ಅಂದರೆ ನಿಮಗೆ ಗೊತ್ತಿರಬಹುದು. ಅಜ್ಜಿ ಮಲ್ಲಿಗೆ ಕಟ್ಟುವಾಗ ಬಾಳೆಯ ದಿಂಡಿನಿಂದ ಎಳೆದುಕೊಳ್ಳುತ್ತಿದ್ದರಲ್ಲ, ಅದು ಬಾಳೆನಾರು. ತೆಂಗಿನ ಸಿಪ್ಪೆಯಲ್ಲಿರುವುದು ತೆಂಗಿನ ನಾರು. ಅಂಥದೇ ಎಳೆ ಕಲ್ಲಿನಿಂದ ಬಂದರೆ ಅದು ಕಲ್ನಾರು. ಆಸ್ಬೆಸ್ಟಾಸ್‌ಗೆ ಕನ್ನಡದ ಹೆಸರು ಇದು.

ಒಂದೊಂದು ಭಾಷೆಯವರು ಇದರಲ್ಲಿ ಒಂದೊಂದನ್ನು ಕಂಡರು. ಆಸ್ಬೆಸ್ಟಾಸ್ ಅನ್ನುವ ಗ್ರೀಕ್ ಪದಕ್ಕೆ ‘ಆರಿಸಲಾಗದ್ದು’ ಅಂತ ಅರ್ಥ. ಹಳೆಯ ಅರಬ್ಬಿ ಬರಹಗಾರರು ಇದನ್ನು ಹಜರ್ ಅಲ್-ಫತೀಲ ಅಂದರು, ಅಂದರೆ ಬತ್ತಿಯ ಕಲ್ಲು. ದೀಪದ ಬತ್ತಿ ಮಾಡಿದರೆ ಎಣ್ಣೆ ಸುಡುತ್ತದೆ, ಬತ್ತಿ ಸುಡುವುದಿಲ್ಲ. ಅವರು ಕಂಡದ್ದು ಬೆಂಕಿಯನ್ನು. ಕನ್ನಡದ ಹೆಸರು ಮಾತ್ರ ನೇರವಾಗಿ ನಾರಿಗೇ ಕೈ ಹಾಕುತ್ತದೆ. ಮನುಷ್ಯನನ್ನು ಕೊಲ್ಲುವುದು ಆ ನಾರೇ ಆದ್ದರಿಂದ, ನನ್ನ ಲೆಕ್ಕದಲ್ಲಿ ಮೂರರಲ್ಲಿ ಇದೇ ಹೆಚ್ಚು ಸತ್ಯವಾದ ಹೆಸರು. ಆದರೆ ಊರಿನಲ್ಲಿ ಯಾರೂ ಕಲ್ನಾರು ಅನ್ನುವುದಿಲ್ಲ ಬಿಡಿ. ‘ಶೀಟು’ ಅಂತಾರೆ. ‘ಸಿಮೆಂಟ್ ಶೀಟು’ ಅಂತಾರೆ. ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹುಡುಕಿದವರಿಗೆ ‘ಶೀಟ್ ಮನೆ’ ಅಂದರೆ ಏನು ಅಂತ ಹೇಳಬೇಕಾಗಿಲ್ಲ.

ಈಗ ಮನಾಮಾಕ್ಕೆ ಬನ್ನಿ. ಬಾಬ್ ಅಲ್-ಬಹ್ರೈನ್ ದಾಟಿ ಸೂಕ್‌ನ ಒಳಗಿನ ಗಲ್ಲಿಗಳಲ್ಲಿ ನಡೆದರೆ ಒಂದೇ ಬೀದಿಯಲ್ಲಿ ಮೂರು ಕಾಲದ ಕಟ್ಟಡಗಳು ಸಿಗುತ್ತವೆ. ತೀರ ಹಳೆಯವು ಸಮುದ್ರದಿಂದ ತೆಗೆದ ಹವಳದ ಕಲ್ಲಿನವು. ಜಿಪ್ಸಮ್ ಗಾರೆ, ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ಬಂದ ಮ್ಯಾಂಗ್ರೋವ್ ಕಂಬಗಳ ಚಾವಣಿ. ಆಮೇಲಿನವು ಕಾಂಕ್ರೀಟಿನ ಫ್ಲ್ಯಾಟುಗಳು. ಅದರಾಚೆ ಗಾಜಿನ ಗೋಪುರಗಳು. ಕಣ್ಣಿಗೆ ಸಿಗದ ನಾಲ್ಕನೆಯದೊಂದು ಇತ್ತು, ಬರಸ್ತಿ. ಖರ್ಜೂರದ ಗರಿ ಹೆಣೆದು ಕಟ್ಟಿದ ಗುಡಿಸಲು. ನಮ್ಮ ಕಡೆ ತೆಂಗಿನ ಮಡಲು, ಮುಳಿಹುಲ್ಲು, ಅಡಿಕೆ ಸೋಗೆ ಹೇಗೋ ಹಾಗೆ. ಬಡವರು ವರ್ಷವಿಡೀ ಅದರಲ್ಲೇ ಇರುತ್ತಿದ್ದರು. ಗಾಳಿ ಆಡುತ್ತದೆ, ತಂಪು. ಒಂದು ಕಿಡಿ ಬಿದ್ದರೆ ಮಾತ್ರ ಕೇರಿಗೆ ಕೇರಿಯೇ ಹೋಗುತ್ತದೆ. ಬರಸ್ತಿಗಳಿಗೆ ಬೆಂಕಿ ಬೀಳುವುದು ಬಹ್ರೈನ್‌ನಲ್ಲಿ ಹೊಸ ಸುದ್ದಿಯೇ ಆಗಿರಲಿಲ್ಲ.

ಇದನ್ನು ನೆನಪಿಡಿ. ಕಲ್ನಾರನ್ನು ಇವತ್ತು ಬೈಯುವುದು ಸುಲಭ. ಸುಡುವ ಮಾಡಿನ ಕೆಳಗೆ ಮಲಗಿದವನಿಗೆ ‘ಇದು ಸುಡುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಬೆಲೆಯೂ ಕಡಿಮೆ’ ಅಂತ ಒಂದು ಹಲಗೆ ತಂದು ತೋರಿಸಿದರೆ ಅವನು ಬೇಡ ಅನ್ನುತ್ತಾನಾ? ಆಸ್ಟ್ರಿಯದ ಲುಡ್ವಿಗ್ ಹಾಚೆಕ್ ಅನ್ನುವವನು 1900ರ ಹೊತ್ತಿಗೆ ಸಿಮೆಂಟಿಗೆ ಕಲ್ನಾರು ಬೆರೆಸಿ ಹಾಳೆ ಮಾಡುವ ವಿಧಾನ ಕಂಡುಹಿಡಿದ. ಸುಮಾರು ನೂರಕ್ಕೆ ಹತ್ತು ಪಾಲು ನಾರು, ಉಳಿದದ್ದು ಹೆಚ್ಚಾಗಿ ಸಿಮೆಂಟು. ಅಲ್ಲಿಂದ ಅದು ಜಗತ್ತಿನ ಬಡವರ ಮಾಡಾಯಿತು.

ಬಹ್ರೈನ್‌ಗೆ ಕೈಗಾರಿಕೆ ಬಂದದ್ದು ಎಣ್ಣೆಯ ಜತೆಗೆ. 1931ರ ಅಕ್ಟೋಬರ್‌ನಲ್ಲಿ ಜಬಲ್ ದುಖಾನ್ ಬಳಿ ಬಾವಿ ಕೊರೆಯಲು ಶುರು ಮಾಡಿದರು. 1932ರ ಜೂನ್ ಆರಂಭದಲ್ಲಿ ಎಣ್ಣೆ ಸಿಕ್ಕಿತು. ಕೊಲ್ಲಿಯ ಅರಬ್ ದಡದಲ್ಲಿ ಅದೇ ಮೊದಲನೆಯದು. 1936ರಲ್ಲಿ ಸಿತ್ರಾ ಕಡೆ ರಿಫೈನರಿ ಶುರುವಾಯಿತು, ಅವಾಲಿ ಅನ್ನುವ ಕಂಪನಿ ಊರು ಎದ್ದಿತು. ಮುತ್ತಿನ ವ್ಯಾಪಾರ ಕುಸಿದು ಕೂತಿದ್ದ ದ್ವೀಪಕ್ಕೆ ಇದು ಮರುಜೀವ. ಆಗ ಮನಾಮಾದಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿಯೇ. ಬಹ್ರೈನಿ ದಿನಾರ್ ಬಂದದ್ದು 1965ರಲ್ಲಿ. ಇಲ್ಲಿನ ಬ್ರಿಟಿಷ್ ಅಧಿಕಾರಿ ಉತ್ತರ ಕೊಡಬೇಕಾಗಿದ್ದದ್ದು 1947ರ ತನಕ ಭಾರತ ಸರಕಾರಕ್ಕೆ. ಹಾಗಾಗಿ ಬೊಂಬಾಯಿಯಿಂದ ಗುಮಾಸ್ತರು, ಫಿಟ್ಟರ್‌ಗಳು, ಅಡುಗೆಯವರು ಬರುವುದು ಆಗ ಪರದೇಶಕ್ಕೆ ಹೋದ ಹಾಗೆ ಇರಲಿಲ್ಲ. ಇನ್ನೊಂದು ಬಂದರಿಗೆ ಹೋದ ಹಾಗೆ ಇತ್ತು.

ರಿಫೈನರಿ ಅಂದರೆ ಬಿಸಿ ಪೈಪುಗಳ ಕಾಡು. ಹಬೆಯ ಪೈಪಿಗೆ ಏನಾದರೂ ಸುತ್ತದಿದ್ದರೆ ಬಿಸಿ ಪೋಲಾಗುತ್ತದೆ, ಮುಟ್ಟಿದವನ ಕೈ ಬೇಯುತ್ತದೆ. ಆ ಕಾಲದಲ್ಲಿ ಜಗತ್ತಿನ ರಿಫೈನರಿ, ಹಡಗು, ವಿದ್ಯುತ್ ಸ್ಥಾವರಗಳಲ್ಲಿ ಇದಕ್ಕೆ ಬಳಸುತ್ತಿದ್ದದ್ದು ಮ್ಯಾಗ್ನೀಷಿಯಾ ಪುಡಿಗೆ ನೂರಕ್ಕೆ ಹದಿನೈದರಷ್ಟು ಕಲ್ನಾರು ಸೇರಿಸಿದ ಲೇಪ. ಪುಡಿಯ ಚೀಲ ಬಿಚ್ಚಿ ಡ್ರಮ್ಮಿಗೆ ಸುರಿದು, ನೀರು ಹಾಕಿ ಕೈಯಲ್ಲೇ ಕಲಸಿ, ರೊಟ್ಟಿ ಹಿಟ್ಟು ಮೆತ್ತಿದ ಹಾಗೆ ಪೈಪಿಗೆ ಮೆತ್ತುವುದು. ದುರಸ್ತಿ ಬಂದಾಗ ಸುತ್ತಿಗೆಯಿಂದ ಹೊಡೆದು ಉದುರಿಸುವುದು. ಹಚ್ಚುವಾಗಿನ ಧೂಳಿಗಿಂತ ಈ ಉದುರಿಸುವಾಗಿನ ಧೂಳು ಹೆಚ್ಚು. ಪಕ್ಕದಲ್ಲಿ ಇನ್ಯಾರೋ ವೆಲ್ಡಿಂಗ್ ಮಾಡುತ್ತಿದ್ದರೆ, ಲೆಕ್ಕ ಬರೆಯುತ್ತಿದ್ದರೆ, ಅವರ ಉಸಿರಿಗೂ ಅದೇ ಗಾಳಿ.

ಇಲ್ಲಿ ಒಂದು ತಾರೀಕು ನನ್ನನ್ನು ಬಿಡುವುದಿಲ್ಲ. ಬಹ್ರೈನ್‌ನಲ್ಲಿ ಬಾವಿ ಕೊರೆಯಲು ಶುರುವಾದ ಅದೇ 1931ರಲ್ಲಿ ಬ್ರಿಟನ್ ಕಲ್ನಾರಿನ ಧೂಳಿನ ಬಗ್ಗೆ ತನ್ನ ಮೊದಲ ಕಾನೂನು ಮಾಡಿತು. ಅದರ ಹಿಂದೆ ಒಂದು ಸಾವಿದೆ. ನೆಲ್ಲಿ ಕರ್ಷಾ ಅನ್ನುವ ಹೆಂಗಸು ರಾಚ್‌ಡೇಲ್ ಊರಿನ ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದಳು. 1924ರ ಮಾರ್ಚ್‌ನಲ್ಲಿ, 33 ವಯಸ್ಸಿಗೆ, ಉಸಿರು ಕಟ್ಟಿ ಸತ್ತಳು. ಡಾಕ್ಟರ್ ಕುಕ್ ಅವಳ ಶ್ವಾಸಕೋಶದಲ್ಲಿ ಆ ನಾರುಗಳನ್ನು ಕಂಡು ವೈದ್ಯಕೀಯ ಪತ್ರಿಕೆಗೆ ಬರೆದರು. 1930ರಲ್ಲಿ ಮೆರೆವೆದರ್ ಮತ್ತು ಪ್ರೈಸ್ ಎಂಬ ಸರಕಾರಿ ಅಧಿಕಾರಿಗಳು ಕಾರ್ಖಾನೆ ಕೆಲಸಗಾರರನ್ನು ಪರೀಕ್ಷಿಸಿ ವರದಿ ಕೊಟ್ಟರು. ಮುಂದಿನ ವರ್ಷ ನಿಯಮ ಬಂತು. ಅದು ಮುಖ್ಯವಾಗಿ ನಾರನ್ನು ಸಾಮಾನಾಗಿ ಮಾಡುವ ಕಾರ್ಖಾನೆಗಳಿಗೆ. ಆ ಸಾಮಾನನ್ನು ಹಡಗಿನಲ್ಲೋ ರಿಫೈನರಿಯಲ್ಲೋ ಕೈಯಲ್ಲಿ ಹಿಡಿದು ಕೆಲಸ ಮಾಡುವವರು ಅದರ ಲೆಕ್ಕಕ್ಕೆ ಅಷ್ಟಾಗಿ ಬರಲಿಲ್ಲ. ಸಾವಿರಾರು ಮೈಲಿ ದೂರದ ಕೊಲ್ಲಿಯವರಂತೂ ಬರಲೇ ಇಲ್ಲ.

ಇನ್ನೂ ಒಂದು ಮಾತು. ಟರ್ನರ್ ಬ್ರದರ್ಸ್ ಅಷ್ಟರಲ್ಲಿ ಟರ್ನರ್ ಅಂಡ್ ನ್ಯೂಆಲ್ ಅನ್ನುವ ದೊಡ್ಡ ಗುಂಪಿನ ಭಾಗವಾಗಿತ್ತು. ನೆಲ್ಲಿ ಸತ್ತ ಹತ್ತು ವರ್ಷಕ್ಕೆ, 1934ರಲ್ಲಿ, ಅದೇ ಗುಂಪಿನ ಕಂಪನಿ ಮಧ್ಯಪ್ರದೇಶದ ಕೈಮೋರ್‌ನಲ್ಲಿ ಸಿಮೆಂಟ್ ಶೀಟಿನ ಕಾರ್ಖಾನೆ ತೆರೆಯಿತು. ನಿಮ್ಮ ಅಜ್ಜನ ಕಾಲದ ‘ಎವರೆಸ್ಟ್’ ಶೀಟಿನ ಮೂಲ ಅದು.

ಧೂಳು ದೇಹದಲ್ಲಿ ಏನು ಮಾಡುತ್ತದೆ ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹತ್ತಿಯ ಎಳೆ ಮುರಿದರೆ ಅಡ್ಡಕ್ಕೆ ತುಂಡಾಗುತ್ತದೆ. ಕಲ್ನಾರು ಉದ್ದಕ್ಕೇ ಸೀಳುತ್ತಾ ಹೋಗುತ್ತದೆ, ಕೂದಲಿಗಿಂತ ಎಷ್ಟೋ ಸಣ್ಣಗೆ, ಕಣ್ಣಿಗೆ ಕಾಣದಷ್ಟು ಸಣ್ಣಗೆ. ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಉಸಿರಿನ ಜತೆ ಒಳಹೋದದ್ದು ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ದೇಹದ ಕಾವಲು ಕೋಶಗಳು ಅದನ್ನು ನುಂಗಲು ನೋಡಿ ಸೋಲುತ್ತವೆ, ಏಕೆಂದರೆ ಅದು ಕಲ್ಲು. ಸೋತ ಜಾಗದಲ್ಲೆಲ್ಲ ಗಾಯ, ಗಾಯದ ಗುರುತು. ಶ್ವಾಸಕೋಶ ನಿಧಾನವಾಗಿ ಗಡುಸಾಗುತ್ತದೆ, ಇದು ಆಸ್ಬೆಸ್ಟೋಸಿಸ್. ಕೆಲವರಿಗೆ ಶ್ವಾಸಕೋಶದ ಕ್ಯಾನ್ಸರ್, ಬೀಡಿ ಸಿಗರೇಟು ಸೇದುವವರಲ್ಲಿ ಅದರ ಅಪಾಯ ಹಲವು ಪಟ್ಟು. ಇನ್ನು ಕೆಲವರಿಗೆ ಮೀಸೋಥೀಲಿಯೋಮಾ, ಶ್ವಾಸಕೋಶವನ್ನು ಸುತ್ತಿರುವ ಪೊರೆಯ ಕ್ಯಾನ್ಸರ್. ಇದಕ್ಕೂ ಸಿಗರೇಟಿಗೂ ಸಂಬಂಧವಿಲ್ಲ. 1960ರಲ್ಲಿ ದಕ್ಷಿಣ ಆಫ್ರಿಕದ ನೀಲಿ ಕಲ್ನಾರಿನ ಗಣಿಗಳ ಸುತ್ತ ಇಂಥ 33 ರೋಗಿಗಳ ಬಗ್ಗೆ ವ್ಯಾಗ್ನರ್ ಮತ್ತು ಜತೆಗಾರರು ಬರೆದಾಗ ಜಗತ್ತಿಗೆ ಇದು ಖಚಿತವಾಯಿತು. 1964ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಸೆಲಿಕಾಫ್ ಪೈಪಿಗೆ ಲೇಪ ಹಚ್ಚುವವರ ಲೆಕ್ಕ ಇಟ್ಟರು. 1965ರಲ್ಲಿ ಲಂಡನ್ನಿನಲ್ಲಿ ಮಾಲಿ ನ್ಯೂಹೌಸ್, ಹಿಲ್ಡಾ ಥಾಂಪ್ಸನ್ ಇಬ್ಬರೂ ತೋರಿಸಿದ್ದು ಇನ್ನೂ ಭಯಂಕರ: ಕಾರ್ಖಾನೆಯ ಒಳಗೆ ಕಾಲಿಡದ ಹೆಂಗಸರಿಗೂ ಈ ರೋಗ ಬಂದಿತ್ತು. ಅವರು ಮಾಡಿದ್ದು ಮನೆಯವರ ಕೆಲಸದ ಬಟ್ಟೆ ಒಗೆದದ್ದು.

ಈ ರೋಗಕ್ಕೆ ಅವಸರ ಇಲ್ಲ. ಉಸಿರಾಡಿದ ಮೇಲೆ 20 ವರ್ಷ, 30, 40, ಕೆಲವೊಮ್ಮೆ ಅದಕ್ಕೂ ಹೆಚ್ಚು.

ಈಗ ಈ ಲೆಕ್ಕವನ್ನು ನಮ್ಮವರ ಬದುಕಿನ ಮೇಲೆ ಇಟ್ಟು ನೋಡಿ. 1971ರಲ್ಲಿ ಬಹ್ರೈನ್ ಸ್ವತಂತ್ರವಾಯಿತು. (ಘೋಷಣೆ ಆದದ್ದು ಆಗಸ್ಟ್ 15ಕ್ಕೆ, ನಮ್ಮದೇ ದಿನ.) ಅದೇ ವರ್ಷ ಅಲ್ಯೂಮಿನಿಯಂ ಕಾರ್ಖಾನೆ ಶುರು. 1973ರ ನಂತರ ಎಣ್ಣೆಯ ಬೆಲೆ ಹಾರಿತು. 1977ರಲ್ಲಿ ಹಿದ್ದ್‌ನಲ್ಲಿ ದೊಡ್ಡ ಹಡಗು ದುರಸ್ತಿ ಅಂಗಳ ತೆರೆಯಿತು. ಮಂಗಳೂರು, ಉಡುಪಿ, ಕಾಸರಗೋಡು, ಭಟ್ಕಳದ ಹುಡುಗರು ಗಲ್ಫಿಗೆ ಹೊರಟ ಕಾಲ ಅದು. ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತಾಡುವವರು ಮನಾಮಾದ ಒಂದೊಂದು ರೂಮಿನಲ್ಲಿ ಐದಾರು ಮಂದಿ. ಗುದೈಬಿಯಾ, ಹೂರಾ ಕಡೆಯ ಕಾಂಕ್ರೀಟಿನ ಫ್ಲ್ಯಾಟುಗಳು ಮೇಲೆದ್ದದ್ದೂ ಹೆಚ್ಚುಕಮ್ಮಿ ಆ ದಶಕಗಳಲ್ಲೇ. ಕೊಲ್ಲಿಯ ತುಂಬ ಆಗ ಕಲ್ನಾರು ಸಿಮೆಂಟು ಮಾಮೂಲಿ ಸಾಮಾನು. ಆಚೆ ದಡದ ದಮ್ಮಾಮ್‌ನಲ್ಲಿ 1968ರಲ್ಲಿ ಶುರುವಾದ ಪೈಪ್ ಕಂಪನಿಯ ಹೆಸರು ಅಮಿಯಾಂಟಿಟ್. ‘ಅಮಿಯಾಂಟ್’ ಅಂದರೂ ಕಲ್ನಾರೇ. ಮನಾಮಾದ ಹಳೆಯ ನೀರಿನ ಜಾಲದಲ್ಲೂ ಇಂಥ ಪೈಪುಗಳಿದ್ದವು, ಅವನ್ನು ಹಂತಹಂತವಾಗಿ ಬದಲಾಯಿಸುತ್ತಾ ಬಂದಿದ್ದಾರೆ. ಗಾಬರಿ ಬೇಡ: ಇಂಥ ಪೈಪಿನ ನೀರು ಕುಡಿದು ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಗೆ ಒಪ್ಪುವಂಥ ಪುರಾವೆ ಸಿಕ್ಕಿಲ್ಲ. ಅಪಾಯ ಇರುವುದು ಆ ಪೈಪನ್ನು ಒಣಗಿದ ಹಾಗೇ ಗ್ರೈಂಡರ್ ಇಟ್ಟು ಕೊಯ್ಯುವವನಿಗೆ.

ಬಹ್ರೈನ್ 1990ರ ದಶಕದಲ್ಲಿ ಕಲ್ನಾರನ್ನು ನಿಷೇಧಿಸಿತು. ಬ್ರಿಟನ್ ನೀಲಿ ಮತ್ತು ಕಂದು ಬಣ್ಣದ್ದನ್ನು 1985ರಲ್ಲಿ, ಬಿಳಿಯದನ್ನು 1999ರಲ್ಲಿ, ಕೆನಡಾ 2018ರಲ್ಲಿ. ನಿಷೇಧ ಬಂದರೆ ಹೊಸದು ಬರುವುದು ನಿಲ್ಲುತ್ತದೆ, ಹಾಕಿಬಿಟ್ಟದ್ದು ತಾನಾಗಿ ಎದ್ದುಹೋಗುವುದಿಲ್ಲ. ಅದಕ್ಕೂ ಹಿಂದಿನ ಕಟ್ಟಡದಲ್ಲಿ ನೀವು ಇದ್ದರೆ ಎಲ್ಲೆಲ್ಲಿ ಇರಬಹುದು ಅಂತ ಕೇಳಿ: ಅಲೆಅಲೆಯಾದ ಶೀಟಿನ ಮಾಡು, ತಾರಸಿಯ ಮೇಲಿನ ಹಳೆಯ ಸಿಮೆಂಟ್ ನೀರಿನ ಟ್ಯಾಂಕು, ಕೊಳಚೆ ಮತ್ತು ಹೊಗೆಯ ಪೈಪು, ಸೀಲಿಂಗಿನ ಹಲಗೆ, ಏಸಿ ಡಕ್ಟಿನ ಕೀಲಿಗೆ ಸುತ್ತಿದ ಬಟ್ಟೆ, ಹಳೆಯ ವಿನೈಲ್ ಟೈಲು ಮತ್ತು ಅದರ ಕೆಳಗಿನ ಕಪ್ಪು ಅಂಟು. ಕಣ್ಣಿನಿಂದ ನೋಡಿ ‘ಇದೆ’, ‘ಇಲ್ಲ’ ಅಂತ ಯಾರೂ ಹೇಳಲಾರರು. ಇಪ್ಪತ್ತು ವರ್ಷದ ಅನುಭವ ಇರುವ ಮೇಸ್ತ್ರಿಯೂ ಹೇಳಲಾರ. ಒಂದು ಚೂರು ಲ್ಯಾಬಿಗೆ ಹೋಗಿ ಸೂಕ್ಷ್ಮದರ್ಶಕದ ಕೆಳಗೆ ಬಿದ್ದರೆ ಮಾತ್ರ ಗೊತ್ತಾಗುತ್ತದೆ.

ಇನ್ನೊಂದು ಮಾತನ್ನು ಇಷ್ಟೇ ಗಟ್ಟಿಯಾಗಿ ಹೇಳಬೇಕು. ಒಡೆಯದೆ, ಬಿರುಕಿಲ್ಲದೆ, ಯಾರ ಕೈಗೂ ಸಿಗದೆ ಇರುವ ಶೀಟು ಸುಮ್ಮನೆ ಇದ್ದರೆ ನಾರನ್ನು ಅಷ್ಟಾಗಿ ಬಿಡುವುದಿಲ್ಲ. ಅದನ್ನು ಹಾಗೇ ಬಿಟ್ಟು, ಬಣ್ಣ ಬಳಿದು ಮುಚ್ಚಿ, ಗುರುತು ಮಾಡಿ, ಆಗಾಗ ನೋಡುತ್ತಿರುವುದೇ ಎಷ್ಟೋ ಸಲ ಸರಿಯಾದ ದಾರಿ. ಹೆದರಿ ನಾಳೆಯೇ ಕೀಳಿಸಿದರೆ ಇಲ್ಲದ ಅಪಾಯವನ್ನು ನೀವೇ ಮಾಡಿಕೊಂಡ ಹಾಗೆ.

ತೆಗೆಯಲೇಬೇಕಾದರೆ? ಅಲ್ಲಿ ಕೈಕೆಲಸದ ಜಾಣತನ ನಡೆಯುವುದಿಲ್ಲ, ಇದೇ ಕೆಲಸ ಕಲಿತವರು ಬೇಕು. ಅವರು ಏನು ಮಾಡುತ್ತಾರೆ ಅಂತ ತಿಳಿದಿದ್ದರೆ, ಮಾಡದವರನ್ನು ನೀವು ಗುರುತಿಸಬಹುದು. ಕೆಲಸದ ಜಾಗವನ್ನು ದಪ್ಪ ಪಾಲಿಥೀನಿನಿಂದ ಮುಚ್ಚುತ್ತಾರೆ. ಒಳಗೋಡೆ, ಸೀಲಿಂಗ್ ಆಗಿದ್ದರೆ ಒಳಗಿನ ಗಾಳಿ ಹೊರಗೆ ಸೋರದ ಹಾಗೆ ಫಿಲ್ಟರ್ ಇರುವ ಫ್ಯಾನಿನಿಂದ ಎಳೆಯುತ್ತಾರೆ. ಶೀಟನ್ನು ಮೊದಲು ಒದ್ದೆ ಮಾಡುತ್ತಾರೆ. ಡ್ರಿಲ್, ಗ್ರೈಂಡರ್ ಮುಟ್ಟುವುದಿಲ್ಲ. ಬೋಲ್ಟ್ ಬಿಚ್ಚಿ ಇಡೀ ಶೀಟನ್ನೇ ಕೈಯಿಂದ ಕೈಗೆ ಇಳಿಸುತ್ತಾರೆ, ಮೇಲಿನಿಂದ ಎಸೆಯುವುದಿಲ್ಲ. ಮುಖಕ್ಕೆ ಸರಿಯಾಗಿ ಅಂಟುವ, ಪಿ-3 ಮಟ್ಟದ ಫಿಲ್ಟರಿನ ಮಾಸ್ಕು. ಟವೆಲ್ಲು ಸುತ್ತಿಕೊಂಡರೆ, ಕೋವಿಡ್ ಕಾಲದ ನೀಲಿ ಮಾಸ್ಕು ಹಾಕಿಕೊಂಡರೆ ಏನೂ ಪ್ರಯೋಜನ ಇಲ್ಲ. ಪೊರಕೆ ಇಲ್ಲ, ಮನೆಯ ವ್ಯಾಕ್ಯೂಮ್ ಇಲ್ಲ, ಹೆಪಾ ಫಿಲ್ಟರ್ ಇರುವುದು ಮಾತ್ರ. ಹಾಕಿಕೊಂಡ ಮೇಲಂಗಿ ಮನೆಗೆ ಹೋಗುವುದಿಲ್ಲ, ಕಸದ ಜತೆಗೇ ಹೋಗುತ್ತದೆ. ಕಸ ಎರಡು ಪದರ ಸುತ್ತಿ, ಹೆಸರು ಬರೆದು, ಅಪಾಯಕಾರಿ ತ್ಯಾಜ್ಯದ ದಾರಿಯಲ್ಲಿ. ಒಳಗಿನ ಕೆಲಸ ಮುಗಿದ ಮೇಲೆ ಗಾಳಿಯ ಪರೀಕ್ಷೆ, ಅದಾದ ಮೇಲೆ ನೀವು ಒಳಗೆ. ಬಹ್ರೈನ್‌ನಲ್ಲಿ ಇಂಥ ತ್ಯಾಜ್ಯದ ವಿಚಾರ ಕೇಳಬೇಕಾದ ಸರಕಾರಿ ಸಂಸ್ಥೆ ಪರಿಸರದ ಸುಪ್ರೀಂ ಕೌನ್ಸಿಲ್. ನೀವು ಬಾಡಿಗೆದಾರರಾಗಿದ್ದರೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ‘ಕೆಲಸಕ್ಕೆ ಮೊದಲು ಪರೀಕ್ಷೆ ಆಗಿದೆಯಾ?’ ಅಂತ ಒಂದೇ ಪ್ರಶ್ನೆ ಕೇಳಿ.

ಖರ್ಚು ಹೆಚ್ಚು, ನಿಜ. ಅದಕ್ಕೇ ಅಡ್ಡದಾರಿ ಹುಟ್ಟುವುದು. ದಿನಗೂಲಿಗೆ ಕರೆದ ಒಬ್ಬ ಹುಡುಗ, ಕೈಯಲ್ಲಿ ಒಂದು ಸುತ್ತಿಗೆ. ಅವನು ಬಿಹಾರದವನೋ ಬಾಂಗ್ಲಾದವನೋ ನಮ್ಮ ರಾಯಚೂರಿನವನೋ ಆಗಿರಬಹುದು. ಅವನಿಗೆ ಕೆಮ್ಮು ಶುರುವಾಗುವ ಹೊತ್ತಿಗೆ ಅವನ ವೀಸಾ ಮುಗಿದು ಎಷ್ಟೋ ವರ್ಷವಾಗಿರುತ್ತದೆ.

ಊರಿನ ಮಾಡಿನ ಕಡೆ ಬರೋಣ, ಏಕೆಂದರೆ ನಿಮ್ಮಲ್ಲಿ ಹಲವರು ದುಡಿದು ದುಡ್ಡು ಕಳಿಸಿದ್ದು ಅಲ್ಲಿಗೆ. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನೂರು ವರ್ಷ ಮಂಗಳೂರು ಹೆಂಚು ಅರಬ್ಬಿ ಸಮುದ್ರದ ಸುತ್ತೆಲ್ಲ ಹೋಯಿತು. ಹೆಂಚಿಗೆ ಪಕ್ಕಾಸು ಬೇಕು, ರೀಪು ಬೇಕು, ಮರ ಬೇಕು, ಬಡಗಿ ಬೇಕು. ಶೀಟಿಗೆ ನಾಲ್ಕು ಅಡ್ಡ ಪೈಪು ಸಾಕು. ಮೊದಲು ಹಟ್ಟಿಗೆ, ಆಮೇಲೆ ಬಚ್ಚಲಿಗೆ, ಅಂಗಳದ ಚಪ್ಪರಕ್ಕೆ, ಶಾಲೆಗೆ. ಭಾರತ ಕಲ್ನಾರಿನ ಗಣಿಗಾರಿಕೆಗೆ 1986ರಿಂದ ಹೊಸ ಪರವಾನಗಿ ಕೊಡುವುದನ್ನು ನಿಲ್ಲಿಸಿತು, ಆದರೆ ಶೀಟನ್ನು ನಿಷೇಧಿಸಿಲ್ಲ. ಬಿಳಿ ಕಲ್ನಾರನ್ನು ಇವತ್ತಿಗೂ ಜಗತ್ತಿನಲ್ಲೇ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದು. ಕೇರಳದಲ್ಲಿ ಶಾಲೆಗಳ ಮಾಡಿನಿಂದ ಇದನ್ನು ತೆಗೆಸುವ ಆದೇಶಗಳು ಬಂದಿವೆ, ಕಾಸರಗೋಡಿನ ಕನ್ನಡ ಶಾಲೆಗಳಿಗೂ ಅವು ಅನ್ವಯ. ಕರ್ನಾಟಕದಲ್ಲಿ ಆ ಮಾತು ಇನ್ನೂ ಸಣ್ಣ ದನಿಯಲ್ಲೇ ಇದೆ.

ಹಾಗಾಗಿ ರಜೆಗೆ ಊರಿಗೆ ಹೋಗಿ ಮನೆ ರಿಪೇರಿ ಮಾಡಿಸುವಾಗ ಎರಡು ವಿಷಯ ಗಮನಿಸಿ. ಮಳೆಗಾಲಕ್ಕೆ ಮೊದಲು ಶೀಟಿನ ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿಸುತ್ತಾರೆ, ಈಗೀಗ ಪ್ರೆಶರ್ ವಾಷರ್ ಬೇರೆ. ಶೀಟಿನ ಮೇಲ್ಪದರ ಕಿತ್ತು ನಾರು ಹೊರಬರುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಎರಡನೆಯದು, ಹಳೆ ಶೀಟು ತೆಗೆದು ತಗಡು ಹಾಕಿಸಿದ ಮೇಲೆ ಒಡೆದ ಚೂರುಗಳು ಎಲ್ಲಿಗೆ ಹೋಗುತ್ತವೆ ಅನ್ನುವುದು. ಸೌದೆ ಮುಚ್ಚಲು, ತೋಟದ ಬೇಲಿಗೆ, ಕೆಸರಿನ ದಾರಿಗೆ ಹಾಸಲು. ಆ ದಾರಿಯಲ್ಲಿ ಬೇಸಗೆಯಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಾರೆ.

ಕಾನೂನು ಏನೂ ಇಲ್ಲ ಅಂತಲ್ಲ. 1995ರ ಜನವರಿ 27ರಂದು ಸುಪ್ರೀಂ ಕೋರ್ಟ್ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಕಲ್ನಾರಿನ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಅಥವಾ ನಿವೃತ್ತಿಯಾಗಿ 15 ವರ್ಷ, ಯಾವುದು ಕೊನೆಗೆ ಬರುತ್ತದೋ ಅಲ್ಲಿಯವರೆಗೆ ಇಡಬೇಕು ಅಂತ. ಆರೋಗ್ಯ ಬದುಕುವ ಹಕ್ಕಿನ ಭಾಗ ಅಂತ. ಒಳ್ಳೆಯ ತೀರ್ಪು, ರೋಗದ ನಿಧಾನವನ್ನು ಅರ್ಥ ಮಾಡಿಕೊಂಡು ಬರೆದದ್ದು. ಆದರೆ ಅದು ಸಮುದ್ರ ದಾಟುವುದಿಲ್ಲ. 1978ರಲ್ಲಿ ಗಲ್ಫಿಗೆ ಬಂದು, ಒಬ್ಬ ಸಬ್‌ಕಾಂಟ್ರಾಕ್ಟರ್ ಕೈಕೆಳಗೆ ನಾಲ್ಕು ವರ್ಷ ಪೈಪಿನ ಲೇಪ ಕೆರೆದು, ಆಮೇಲೆ ಅಂಗಡಿಯಲ್ಲೋ ಆಫೀಸಿನಲ್ಲೋ ಕೆಲಸ ಹಿಡಿದು, 1995ಕ್ಕೆ ಊರಿಗೆ ಮರಳಿದವರ ದಾಖಲೆ ಯಾರ ಹತ್ತಿರ ಇದೆ? ಆ ಸಬ್‌ಕಾಂಟ್ರಾಕ್ಟರ್ ಇದ್ದಾನಾ? ಮಂಗಳೂರಿನ ಆಸ್ಪತ್ರೆಯಲ್ಲಿ ಎದೆಯ ಎಕ್ಸ್-ರೇ ಹಿಡಿದ ಡಾಕ್ಟರು ‘ಬೀಡಿ ಸೇದುತ್ತಿದ್ದಿರಾ?’ ಅಂತ ಕೇಳುತ್ತಾರೆ, ‘ಹಿಂದೆ ಟೀಬಿ ಆಗಿತ್ತಾ?’ ಅಂತ ಕೇಳುತ್ತಾರೆ. ಗಲ್ಫಿನಲ್ಲಿ ಏನು ಕೆಲಸ ಅಂತ ಕೇಳಿದರೆ ‘ಕಂಪನಿಯಲ್ಲಿದ್ದೆ’ ಅನ್ನುವುದು ನಮ್ಮವರ ರೂಢಿ. ಯಾವ ಕಂಪನಿ, ಏನು ಕೆಲಸ ಅಂತ ಹೆಂಡತಿ ಮಕ್ಕಳಿಗೂ ಪೂರ್ತಿ ಗೊತ್ತಿರುವುದಿಲ್ಲ.

ನೀವು ಇಲ್ಲಿ ಹುಟ್ಟಿ ಬೆಳೆದವರಾದರೆ, ಈ ಬರಹವನ್ನು ಓದಿ ಅಥವಾ ಕೇಳಿ ಮುಗಿಸಿದ ಮೇಲೆ ಅಪ್ಪನಿಗೋ ಅಜ್ಜನಿಗೋ ಫೋನ್ ಮಾಡಿ ಕೇಳಬಹುದು: ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಸೈಟು, ಬಾಯ್ಲರ್ ಹತ್ತಿರವಾ, ಹಡಗಿನ ಒಳಗಾ, ಶೀಟು ಕೊಯ್ಯುತ್ತಿದ್ದಿರಾ, ಸಂಜೆ ಬಟ್ಟೆಯ ಮೇಲೆ ಬಿಳಿ ಧೂಳು ಇರುತ್ತಿತ್ತಾ, ಆ ಬಟ್ಟೆ ಯಾರು ಒಗೆಯುತ್ತಿದ್ದರು. ಕನ್ನಡದಲ್ಲೇ ಬರೆದುಕೊಳ್ಳಿ, ಅವರು ಹೇಳಿದ ಹಾಗೇ. ಒಂದು ಹಾಳೆ ಸಾಕು. ಹಳೆಯ ಸಿಪಿಆರ್ ಕಾರ್ಡು, ಪಾಸ್‌ಪೋರ್ಟಿನ ವೀಸಾ ಪುಟಗಳ ಜೆರಾಕ್ಸ್ ಜತೆಗೆ ಪಿನ್ ಮಾಡಿ, ಮನೆಯ ಆಸ್ಪತ್ರೆ ಫೈಲಿನ ಎಲ್ಲಕ್ಕಿಂತ ಮೇಲೆ ಇಡಿ, ಡಾಕ್ಟರು ಮೊದಲು ತೆರೆಯುವ ಪುಟ ಅದಾಗಲಿ.